ನೀರಿಲ್ಲದ ಕಡೆ ಎತ್ತಿದ ಸೊಲ್ಲು

ಬೊಬ್ರುವಾಡದ ತಿಮ್ಮಿಗೆ ವಾರಗಿತ್ತಿ ಕಮಲಿಯನ್ನು ಕಂಡರೆ ಹೊಟ್ಟೆಕಿಚ್ಚು ಎಂಬುದು ಊರಿಗೆಲ್ಲ ಗೊತ್ತಿತ್ತು. ತಿಮ್ಮಿಯನ್ನು ಕೇಳಿದರೆ ಮಾತ್ರ ಅದು ಹೊಟ್ಟೆಕಿಚ್ಚಲ್ಲ, ನ್ಯಾಯ. ಅಣ್ಣ ಕುಪ್ಪನ ಹೆಂಡತಿ ಕಮಲಿ, ತಮ್ಮ ಹುಲಿಯಾನ ಹೆಂಡತಿ ತಿಮ್ಮಿ. ಒಂದೇ ಅಂಗಳ, ಎರಡು ಒಲೆ. ಕಮಲಿಯ ಒಲೆ ಮೊದಲು ಹೊತ್ತಿಕೊಂಡರೆ ತಿಮ್ಮಿಯ ಮನಸ್ಸು ಹೊಗೆಯಾಡುತ್ತಿತ್ತು. ಕಮಲಿಯ ಬಸಳೆ ಚಪ್ಪರ ದಟ್ಟವಾದರೆ, ಬಚ್ಚಲ ನೀರೆಲ್ಲ ಆ ಕಡೆಗೇ ಹರಿಯುತ್ತದೆ ಎಂದು ಗೊಣಗುತ್ತಿದ್ದಳು. ಇವೆಲ್ಲ ದಿನಬಳಕೆಯ ಕಿಚ್ಚು, ಒಂದು ಹೊತ್ತಿನ ಗಂಜಿ ಬೇಯಿಸಲಿಕ್ಕೂ ಸಾಲದು. ನಿಜವಾದ ಬೆಂಕಿ ಇದ್ದದ್ದು ಹಾಡಿನಲ್ಲಿ.

ಆ ಕಡೆಯ ಹೆಂಗಸರು ಒಬ್ಬೊಬ್ಬರೇ ಹಾಡುವುದಿಲ್ಲ. ಒಬ್ಬಳು ಸೊಲ್ಲು ಎತ್ತಬೇಕು, ಇನ್ನೊಬ್ಬಳು ಅದೇ ಸೊಲ್ಲನ್ನು ಹಿಡಿದು ತಿರುಗಿ ಹೇಳಬೇಕು. ಅವಳು ಹಿಡಿದಿರುವಷ್ಟು ಹೊತ್ತು ಎತ್ತಿದವಳು ಉಸಿರು ತೆಗೆದುಕೊಂಡು ಮುಂದಿನದನ್ನು ನೆನಪು ಮಾಡಿಕೊಳ್ಳುತ್ತಾಳೆ. ನಟ್ಟಿಯ ಗದ್ದೆಯಿರಲಿ, ಮದುವೆಯ ಚಪ್ಪರವಿರಲಿ, ಬೊಬ್ರುವಾಡದಲ್ಲಿ ಎತ್ತುವವಳು ಕಮಲಿ, ಹಿಡಿಯುವವಳು ತಿಮ್ಮಿ. ತಿಮ್ಮಿ ಸೊಸೆಯಾಗಿ ಆ ಅಂಗಳಕ್ಕೆ ಕಾಲಿಟ್ಟ ವರ್ಷದಿಂದ ಹೀಗೆಯೇ ನಡೆದುಬಂದಿತ್ತು. ಹಾಡು ಮುಗಿದ ಮೇಲೆ ಜನ ಕಮಲಿ ಹಾಡಿದಳು ಎನ್ನುತ್ತಿದ್ದರು. ತಿಮ್ಮಿಯೂ ಹಾಡಿದಳಲ್ಲ ಎಂದು ಯಾರ ಬಾಯಲ್ಲೂ ಬರುತ್ತಿರಲಿಲ್ಲ.

ಆದರೆ ಒಂದು ದಿನ ತನ್ನದೂ ಬರುತ್ತದೆ ಎಂದು ತಿಮ್ಮಿ ಕಾದಿದ್ದಳು. ಮಗಳು ಗಂಗೆಗೆ ಕದ್ವಾಡದ ಮಾಬ್ಲೇಶ್ವರನನ್ನು ಗೊತ್ತು ಮಾಡಿ, ವೈಶಾಖದಲ್ಲಿ ಮದುವೆ ಎಂದು ವೀಳ್ಯ ಬದಲಾಯಿಸಿಕೊಂಡ ಸಂಜೆ ಕಮಲಿ ತಾನಾಗಿಯೇ ಒಂದು ಮಾತು ಕೊಟ್ಟಿದ್ದಳು.

"ಗಂಗೆ ಮದ್ವೆಗೆ ಧಾರೆ ಹಾಡು ನೀನೇ ಎತ್ತು, ತಂಗಿ. ನಾ ಹಿಡೀತೆ."

ಕಮಲಿ ಹಿಡಿಯುವುದು, ತಾನು ಎತ್ತುವುದು, ಕದ್ವಾಡದ ನೆಂಟರೆಲ್ಲ ಕೇಳುವುದು. ಆ ಸಂಜೆಯಿಂದ ತಿಮ್ಮಿ ಸೊಪ್ಪಿನ ಬುಟ್ಟಿ ಹೊತ್ತು ಅಂಕೋಲೆಯ ಪೇಟೆಗೆ ಹೋಗುವಾಗಲೂ ಅದನ್ನೇ ಮೆಲುಕು ಹಾಕುತ್ತಿದ್ದಳು. ಹಾಡನ್ನಲ್ಲ, ಆ ಗಳಿಗೆಯನ್ನು. ಹಾಡನ್ನು ಹಾಗೆ ದಾರಿಯಲ್ಲಿ ಗುನುಗುವಂತಿರಲಿಲ್ಲ.

ಏಕೆಂದರೆ ಧಾರೆ ಹಾಡಿಗೆ ಅವರಲ್ಲಿ ಒಂದು ಕಟ್ಟು ಇತ್ತು. ಮಗಳ ಕೈಮೇಲೆ ನೀರು ಬೀಳುವಾಗ ಮಾತ್ರ ಅದನ್ನು ಎತ್ತಬೇಕು. ಕಲಿಯುವವರೂ ಮದುವೆಯಿಂದ ಮದುವೆಗೆ ಕೇಳಿಯೇ ಕಲಿಯಬೇಕು. ನೀರು ಬೀಳದ ಕಡೆ ಅದನ್ನು ಎತ್ತಿದ ಬಾಯಿ ಮುಂದಿನ ಮಳೆಗಾಲ ಕಳೆಯುವ ತನಕ ಯಾವ ಮದುವೆಯ ಚಪ್ಪರದ ಕೆಳಗೂ ಹಾಡಿಗೆ ತೆರೆಯುವಂತಿಲ್ಲ. ತೆರೆದರೆ ಹೆಣ್ಣಿನ ಬಾಳು ಬತ್ತುತ್ತದೆ ಎಂದು ನಂಬಿಕೆ. ನಂಬದವರು ನಗಬಹುದು. ನಾನಂತೂ ಆ ಹಾಡಿನ ಒಂದು ಸೊಲ್ಲನ್ನೂ ಇಲ್ಲಿ ಬರೆಯುವುದಿಲ್ಲ, ನನ್ನ ಮನೆಯಲ್ಲೂ ಮದುವೆಯಾಗಬೇಕಾದ ಹುಡುಗಿಯರಿದ್ದಾರೆ.

ಇಂಥ ಹೊತ್ತಿನಲ್ಲಿ ಪುಂಡಲೀಕ ಬಂದ. ಕರನಿರಾಕರಣೆಯ ಗದ್ದಲ ತಣ್ಣಗಾಗಿ ಹೆಚ್ಚು ಕಾಲವಾಗಿರಲಿಲ್ಲ. ಸೀಸದ ಕಡ್ಡಿ ಹಿಡಿದು ಊರಿಗೆ ಬಂದವನು ಜಪ್ತಿಗೇ ಬಂದವನು ಎಂದು ತಿಳಿದು ಬೊಬ್ರುವಾಡದವರು ತಾಮ್ರದ ಹಂಡೆಗಳನ್ನು ಹುಲ್ಲಿನ ಬಣವೆಯಲ್ಲಿ ಹುಗಿದರು. ಜೊತೆಯಲ್ಲಿದ್ದ ಅಂಕೋಲೆಯ ಶಾಲೆಯ ಜಟ್ಟಪ್ಪ ಮಾಸ್ತರರು, ಈತ ಕಾರವಾರದ ಕಚೇರಿ ಗುಮಾಸ್ತರ ಮಗ, ಮುಂಬಯಿಯ ಯುನಿವರ್ಸಿಟಿಯಲ್ಲಿ ಎಂ.ಎ. ಓದುತ್ತಿದ್ದಾನೆ, ಬಂದಿರುವುದು ಹಂಡೆಗಲ್ಲ ಹಾಡಿಗೆ ಎಂದು ಬಿಡಿಸಿ ಹೇಳಿದ ಮೇಲೆ ಹಂಡೆಗಳು ಹೊರಗೆ ಬಂದವು. ಊರಗೌಡ ಶನಿಯಾರನಿಗೆ ಆದರೂ ಸಮಾಧಾನವಾಗಲಿಲ್ಲ. ಆ ಯುನಿವರ್ಸಿಟಿ ಎಂಬುದು ಯಾರದು, ಅದಕ್ಕೂ ನಮಗೂ ಏನು ನಂಟು ಎಂದು ಕೇಳಿದ.

ಪುಂಡಲೀಕನಿಗೆ ಅದೇ ಬೇಕಾಗಿತ್ತು. ಅದು ಸಿಪಾಯಿ ಬಂಡಾಯದ ವರ್ಷವೇ ಹುಟ್ಟಿದ್ದು, ದೊಡ್ಡ ಗಡಿಯಾರದ ಗೋಪುರವಿದೆ, ತನ್ನ ಅಜ್ಜನ ಅಣ್ಣ ಪತ್ತೇಮಾರಿ ಹಾಯಿಹಡಗಿನಲ್ಲಿ ಹೋಗಿ ಅದರ ಪರೀಕ್ಷೆಗೆ ಕುಳಿತು ವಾಂತಿಯ ಸುಸ್ತಿನಲ್ಲೇ ನಪಾಸಾದ, ಆಮೇಲಿನವರು ಆಗಬೋಟಿನಲ್ಲಿ ಹೋಗಿ ಪಾಸಾಗಿ ವಕೀಲರಾದರು ಎಂದೆಲ್ಲ ಹೇಳಿದ. ಇಷ್ಟು ವರ್ಷ ಆ ಯುನಿವರ್ಸಿಟಿ ನಮ್ಮವರನ್ನು ತಾನು ಉತ್ತರ ಬಲ್ಲ ಪ್ರಶ್ನೆಗಳನ್ನೇ ಕೇಳುತ್ತ ಬಂದಿತ್ತು, ತನಗೆ ಗೊತ್ತಿಲ್ಲದ್ದನ್ನು ಕೇಳಲು ಬಂದಿರುವುದು ಇದೇ ಮೊದಲು ಎಂದೂ ಸೇರಿಸಿದ. ಕರಾವಳಿಯ ಹಾಡುಗಳನ್ನೆಲ್ಲ ಕೂಡಿಸಿ ಪುಸ್ತಕ ಮಾಡುತ್ತಾರಂತೆ, ಹಾಡಿದವರ ಹೆಸರು ಅದರಲ್ಲಿ ಅಚ್ಚಾಗುತ್ತದಂತೆ. ಶನಿಯಾರ ಎಲೆಗೆ ಸುಣ್ಣ ಹಚ್ಚುತ್ತ ಇಷ್ಟೇ ಹೇಳಿದ.

"ಹುಡ್ಗರನ್ನ ಆಗಬೋಟಲ್ಲಿ ಕರ್ಕಂಡು ಹೋದ್ರು. ಈಗ ಹಾಡನ್ನ ಮೋಟಾರಲ್ಲಿ ತಕಂಡು ಹೋತ್ರು. ಆಗ್ಲಿ, ಬರ್ಕಣಿ."

ಚೆನ್ನಾಗಿ ಹಾಡುವವರು ಯಾರು ಎಂದದ್ದಕ್ಕೆ ಊರಿನ ಬೆರಳೆಲ್ಲ ಕಮಲಿಯ ಕಡೆ ತಿರುಗಿತು. ಮಾರನೆಯ ದಿನದಿಂದ ಪುಂಡಲೀಕ ಕಮಲಿಯ ಜಗಲಿಯಲ್ಲಿ ಕುಳಿತ. ಕಮಲಿ ಸೊಲ್ಲು ಎತ್ತಿದಳು, ರೂಢಿಯಂತೆ ತಿಮ್ಮಿ ಹಿಡಿದಳು. ಸ್ವಲ್ಪ ಹೊತ್ತು ಬರೆದು ಪುಂಡಲೀಕ ಕಡ್ಡಿ ನಿಲ್ಲಿಸಿದ. ಅವನು ಕೆಟ್ಟವನಲ್ಲ, ಕೆಲಸ ಬೇಗ ಆಗಬೇಕು ಎನ್ನುವವನು, ಅಷ್ಟೆ.

"ತಿಮ್ಮಕ್ಕ, ನೀವು ಹೇಳೂದು ಅವರು ಹೇಳಿದ್ದೇ ಅಲ್ವಾ? ಎರಡೆರಡು ಸಲ ಬರಿಯೂದು ಯಾಕೆ? ಕಮಲಕ್ಕ ಒಬ್ಬರೇ ಹೇಳಿದ್ರೆ ಸಾಕು."

ತಿಮ್ಮಿ ಎದ್ದು ತನ್ನ ಒಲೆಯ ಕಡೆ ಹೋದಳು. ಗೋಡೆಯ ಆಚೆ ಕಮಲಿಯ ಕಂಠ ಒಂದೇ ಹರಿಯುತ್ತಿತ್ತು. ಉಸಿರು ತೆಗೆಯುವಲ್ಲಿ ಅವಳು ತಡವರಿಸುತ್ತಿದ್ದಳು. ತಡವರಿಸಲಿ ಎಂದು ತಿಮ್ಮಿ ಅಂದುಕೊಂಡಳು. ಆದರೆ ಪುಂಡಲೀಕ ಕಾಯುತ್ತಿದ್ದ, ಕಮಲಿ ನಿಧಾನಕ್ಕೆ ನೆನಪಿಸಿಕೊಂಡು ಹೇಳುತ್ತಿದ್ದಳು. ತಾನಿಲ್ಲದೆಯೂ ಹಾಡು ನಡೆಯುತ್ತದೆ ಎಂಬುದನ್ನು ತಿಮ್ಮಿ ಅಂದು ಗೋಡೆಗೆ ಕಿವಿಯಿಟ್ಟು ಕೇಳಿದಳು. ಆ ದಿನ ಅವಳ ಸಾರಿಗೆ ಉಪ್ಪು ಹೆಚ್ಚಾಗಿ ಹುಲಿಯಾ ಎರಡು ಚೊಂಬು ನೀರು ಕುಡಿದ.

ಅಲ್ಲಿಂದ ಮುಂದೆ ಕಮಲಿಯ ನಡಿಗೆಯೇ ಬೇರೆಯಾಯಿತು ಎಂದು ತಿಮ್ಮಿಯ ದೂರು. ಬಾವಿಕಟ್ಟೆಯಲ್ಲಿ ಹೆಂಗಸರು ಮುಂಬಯಿ ಕಮಲಿ ಎಂದು ತಮಾಷೆ ಮಾಡಿದರೆ ಅವಳು ಬೇಡ ಎನ್ನುತ್ತಿರಲಿಲ್ಲ. ಗದ್ದೆಯ ಕೆಲಸದಲ್ಲಿ ಸೊಲ್ಲು ಎತ್ತುವಾಗ ಗಂಟಲು ಸರಿಮಾಡಿಕೊಳ್ಳುವುದನ್ನು ಬೇರೆ ಕಲಿತಿದ್ದಳು. ತಿಮ್ಮಿ ಹಿಡಿಯುತ್ತಿದ್ದಳು, ಆದರೆ ಮನಸ್ಸಿಲ್ಲದೆ, ಅನ್ನಕ್ಕೆ ಸೌಟು ಬಡಿದಂತೆ.

ಪುಂಡಲೀಕ ಉಳಿದುಕೊಂಡಿದ್ದು ಜಟ್ಟಪ್ಪ ಮಾಸ್ತರರ ಮನೆಯಲ್ಲಿ. ಮಾಸ್ತರರ ಹೆಂಡತಿ ಹೀರಾಬಾಯಿ ತಿಮ್ಮಿಯ ಖಾಯಂ ಗಿರಾಕಿ. ಒಂದು ಬೆಳಿಗ್ಗೆ ತಿಮ್ಮಿ ಹರಿವೆ ಸೊಪ್ಪು ಎಣಿಸಿಕೊಟ್ಟ ಮೇಲೂ ಹಿತ್ತಿಲ ಮೆಟ್ಟಿಲಿನಿಂದ ಏಳಲಿಲ್ಲ. ಒಳಗೆ ಇದ್ದ ಒಡೆಯರನ್ನು ಒಂದು ಗಳಿಗೆ ಕರೆಯಿರಿ ಎಂದಳು. ಪುಂಡಲೀಕ ಬಂದ. ತಿಮ್ಮಿ ಒಂದಾದ ಮೇಲೊಂದು ಹಾಡು ಎತ್ತತೊಡಗಿದಳು. ಅವನು ಎರಡು ಸಾಲು ಕೇಳುವುದು, ಇದು ಕಮಲಕ್ಕ ಕೊಟ್ಟಿದ್ದಾರೆ ಎನ್ನುವುದು. ಮತ್ತೊಂದು ಎತ್ತಿದರೆ ಅದೂ ಆಗಿದೆ ಎನ್ನುವುದು. ಮರ್ಯಾದೆಯಿಂದಲೇ ಹೇಳುತ್ತಿದ್ದ. ಆ ಮರ್ಯಾದೆಗೆ ತಿಮ್ಮಿಗೆ ಅಳು ಬರುವಂತಾಯಿತು.

ಕಮಲಕ್ಕ ಕೊಡದೆ ಇರುವುದು ಯಾವುದಾದರೂ ಉಂಟೋ ಎಂದು ಅವನು ಕೇಳಿದ. ಧಾರೆಯ ಹಾಡು ಕೇಳಿದ್ದಕ್ಕೆ ಅದು ಇಲ್ಲಿ ಹೇಳುವುದಲ್ಲ ಎಂದುಬಿಟ್ಟರು ಎಂದೂ ತಿಳಿಸಿದ.

ಅಲ್ಲಿಗೆ ತಿಮ್ಮಿಯ ಬುದ್ಧಿಗೆ ಮಂಕು ಕವಿಯಿತು. ಗಂಗೆಯ ಮದುವೆ ನೆನಪಾಗಲಿಲ್ಲವೇ ಎಂದರೆ, ಆಯಿತು. ಹಿತ್ತಿಲಲ್ಲಿ ಹಾಡಿದ್ದು ಯಾರಿಗೆ ತಿಳಿಯುತ್ತದೆ, ಪುಸ್ತಕವೋ ಮುಂಬಯಿಯಲ್ಲಿ ಅಚ್ಚಾಗುವುದು, ಕಟ್ಟು ಇರುವುದು ಬೊಬ್ರುವಾಡದಲ್ಲಿ ಎಂದು ತನಗೆ ತಾನೇ ವಕೀಲಿ ಮಾಡಿಕೊಂಡಳು. ಕಮಲಿ ಕೊಡದ್ದನ್ನು ತಾನು ಕೊಡಬಹುದು. ಇದೊಂದಾದರೂ ತನ್ನ ಹೆಸರಿನಲ್ಲಿ ಇರುತ್ತದೆ. ಹೀರಾಬಾಯಿ ಒಳಗೆ ಹೋದದ್ದನ್ನು ನೋಡಿಕೊಂಡು ತಿಮ್ಮಿ ಸೆರಗು ಬಿಗಿದು, ಒಣ ಮೆಟ್ಟಿಲ ಮೇಲೆ ಕುಳಿತು ಧಾರೆಯ ಹಾಡು ಎತ್ತಿದಳು.

ನಡುವೆ ಒಂದು ಕಡೆ ಅವಳು ನಿಂತಳು. ಮುಂದಿನ ಎರಡು ನುಡಿ ಬರಲಿಲ್ಲ. ಎಷ್ಟೋ ಮದುವೆಗಳಲ್ಲಿ ಹೇಳಿದ್ದೇ, ನಾಲಗೆಯ ತುದಿಯಲ್ಲೇ ಇದೆ. ಆದರೆ ಎತ್ತುವವರಿಲ್ಲದೆ ನಾಲಗೆ ಹೊರಳಲೊಲ್ಲದು. ಬರದಿದ್ದರೆ ಬೇಡ ಎಂದು ಅವನ್ನು ದಾಟಿ ಕೊನೆಯ ನುಡಿಗೆ ಹೋಗಿ ಮುಗಿಸಿದಳು. ಪುಂಡಲೀಕ ಕೈಮುಗಿದ. ಹೆಸರು ಸರಿಯಾಗಿ ಬರೆದುಕೊಂಡಿರೋ ಎಂದು ತಿಮ್ಮಿ ಕೇಳಿ ಖಾತ್ರಿ ಮಾಡಿಕೊಂಡಳು. ಖಾಲಿ ಬುಟ್ಟಿ ತಲೆಯ ಮೇಲಿಟ್ಟು ಮನೆಗೆ ಬರುವಾಗ ದಾರಿಯಲ್ಲಿ ಸಿಕ್ಕ ನಾಯಿಯನ್ನೂ ಅವಳು ಬೈಯಲಿಲ್ಲ.

ಸುಗ್ಗಿ ಕಳೆದ ಮೇಲೆ ಪುಂಡಲೀಕ ಕಾರವಾರದ ಒಂದು ಶಾಲೆಯ ಸಭಾಗೃಹದಲ್ಲಿ ಕೂಟ ಏರ್ಪಡಿಸಿದ. ಹಾಡು ಕೊಟ್ಟ ಊರುಗಳವರನ್ನೆಲ್ಲ ಕರೆದಿದ್ದ. ಹಾಡನ್ನು ಎತ್ತಿಕೊಂಡು ಹೋಗಿ ಸುಮ್ಮನಾದರೆ ಅದು ಕಳವು, ಕೊಟ್ಟವರ ಮುಂದೆ ಓದಿ ಹೇಳಿದರೆ ಮಾತ್ರ ಯುನಿವರ್ಸಿಟಿಗೂ ಊರಿಗೂ ನಂಟು ಎಂಬುದು ಅವನ ವಾದ. ಒಳ್ಳೆಯ ವಾದವೇ. ಬೊಬ್ರುವಾಡದಿಂದ ಶನಿಯಾರ ಗೌಡ, ಅವನ ಹೆಂಡತಿ ಜಟ್ಟಿ, ಕಮಲಿ, ತಿಮ್ಮಿ ಸರ್ವಿಸ್ ಮೋಟಾರು ಹತ್ತಿ ಹೋದರು. ಕದ್ವಾಡದಿಂದಲೂ ಹೆಂಗಸರು ಬಂದಿದ್ದರು. ಅವರಲ್ಲಿ ಗಂಗೆಯ ಅತ್ತೆಯಾಗುವವಳೂ ಇದ್ದಳು. ವಕೀಲರು, ಗುಮಾಸ್ತರು, ಅವರ ಜರಿ ಸೀರೆಯ ಹೆಂಡಂದಿರು ಬೆಂಚಿನ ಮೇಲೆ, ಹಾಡಿದವರು ಮುಂದೆ ಜಮಖಾನದ ಮೇಲೆ.

ಪುಂಡಲೀಕ ಯುನಿವರ್ಸಿಟಿಯ ಕಥೆ ಹೇಳಿದ, ಪತ್ತೇಮಾರಿಯ ಅಜ್ಜನ ಕಥೆ ಹೇಳಿ ನಗಿಸಿದ. ಆಮೇಲೆ ಹಾಡುಗಳನ್ನು ಓದತೊಡಗಿದ. ಬೊಬ್ರುವಾಡದ ಸರದಿಯಲ್ಲಿ ಒಂದೊಂದಕ್ಕೂ ಕೊಟ್ಟವರು ಕಮಲಿ ಎಂದು ಬರುತ್ತಿತ್ತು, ಕಮಲಿ ತಲೆ ತಗ್ಗಿಸುತ್ತಿದ್ದಳು, ತಿಮ್ಮಿ ಜಮಖಾನದ ನೂಲು ಕೀಳುತ್ತಿದ್ದಳು. ಆ ಸರದಿ ಮುಗಿಯಿತು ಎನ್ನುವಾಗ ಅವನು ಕೊನೆಯದಾಗಿ ಒಂದು ರತ್ನ ಎಂದ. ತಿಮ್ಮಿ ಜಮಖಾನದ ನೂಲು ಬಿಟ್ಟಳು. ಓದಬೇಡ ಎಂದು ಒಂದು ಮನಸ್ಸು, ಬೇಗ ಓದು ಎಂದು ಇನ್ನೊಂದು.

"ಧಾರೆಯ ಹಾಡು. ಕೊಟ್ಟವರು ಬೊಬ್ರುವಾಡದ ತಿಮ್ಮಿ. ಅವರು ಬಿಟ್ಟಿದ್ದ ಎರಡು ನುಡಿಗಳನ್ನು ಸೇರಿಸಿ ಸಂಪೂರ್ಣ ಮಾಡಿದವರು ಬೊಬ್ರುವಾಡದ ಕಮಲಿ."

ಬೆಂಚಿನವರು ಚಪ್ಪಾಳೆ ತಟ್ಟಿದರು. ಜಮಖಾನದ ಮೇಲೆ ಒಬ್ಬರೂ ತಟ್ಟಲಿಲ್ಲ. ಜಟ್ಟಿ ಬಾಯಿಗೆ ಸೆರಗು ಹಿಡಿದಳು. ಕದ್ವಾಡದ ಹೆಂಗಸರು ತಲೆಗೆ ತಲೆ ತಾಗಿಸಿ ಪಿಸುಗುಟ್ಟಿದರು. ನಡೆದದ್ದು ಇಷ್ಟು: ತಿಮ್ಮಿ ಕೊಟ್ಟ ಹಾಡಿನ ಸಂತೋಷವನ್ನು ಪುಂಡಲೀಕ ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರದೆ ಕಮಲಿಯ ಮುಂದೆ ಹೇಳಿದ್ದ, ತೋರಿಸಿಯೂ ಇದ್ದ. ಕಮಲಿ ತಿಮ್ಮಿಯ ಮೇಲೆ ಗೌಡನಿಗೆ ದೂರು ಕೊಡಬಹುದಿತ್ತು. ಕೊಡಲಿಲ್ಲ. ಹಿಡಿಯುವವಳು ತನಗಿಂತ ಮುಂದೆ ಹೋದಳಲ್ಲ ಎಂಬ ಉರಿಯಲ್ಲಿ, ಇದು ಪೂರ್ತಿಯಿಲ್ಲ ಒಡೆಯಾ ಎಂದು ತನ್ನ ಒಣ ಜಗಲಿಯ ಮೇಲೆಯೇ ಹಾಡನ್ನು ಮೊದಲಿಂದ ಎತ್ತಿಬಿಟ್ಟಿದ್ದಳು. ಆ ಅಂಗಳದಲ್ಲಿ ಹೊಟ್ಟೆಕಿಚ್ಚು ಒಂದೇ ಒಲೆಯಲ್ಲಿ ಉರಿಯುತ್ತಿದೆ ಎಂದುಕೊಂಡಿದ್ದ ನಾವೇ ಪೆದ್ದರು.

ತಿಮ್ಮಿಗೆ ಆಗ ಮೊದಲು ಹೊಳೆದದ್ದು ಮಗಳ ಮದುವೆಯಲ್ಲ. ನಾಚಿಕೆಯೂ ಅಲ್ಲ. ಆ ಎರಡು ನುಡಿ. ಅಷ್ಟು ಜನರ ಮುಂದೆ ತಿಮ್ಮಿ ಬಿಟ್ಟಳು, ಕಮಲಿ ಸೇರಿಸಿದಳು ಎಂದಾಯಿತಲ್ಲ. ತಾನು ಕದ್ದು ತಂದ ಒಂದೇ ಒಂದು ಹಾಡಿಗೂ ಕಮಲಿ ತನ್ನ ಹೆಸರು ಅಂಟಿಸಿದಳಲ್ಲ.

ತಿರುಗಿ ಬರುವಾಗ ಮೋಟಾರಿನಲ್ಲಿ ಇಬ್ಬರಿಗೂ ಒಂದೇ ಸೀಟು. ಮೋಟಾರು ಹಾರವಾಡ ಊರು ದಾಟಿತು. ಮುಂದಿನ ಸೀಟಿನಲ್ಲಿದ್ದ ಗೌಡನ ಬೆನ್ನು ನೋಡುತ್ತ ಕಮಲಿಯೇ ಬಾಯಿಬಿಟ್ಟಳು.

"ಎರಡು ನುಡಿ ಬಿಟ್ಟು ಕೊಟ್ಟಿದ್ದೆ ನೀನು. ಹಾಂಗೇ ಅಚ್ಚಾದ್ರೆ ಊರ ಮರ್ಯಾದೆ ಎಂತಾ ಆಗೂದು?"

"ನೀ ಎತ್ತಿದ್ರೆ ನಂಗೆ ಬತ್ತದೆ," ಎಂದಳು ತಿಮ್ಮಿ. "ನೀ ಎತ್ತಲಿಲ್ಲ. ಬರಲಿಲ್ಲ."

ಕಮಲಿ ಅವಳ ಮುಖ ನೋಡಿದಳು.

ಮರುದಿನ ಗೌಡನ ಅಂಗಳದಲ್ಲಿ ಜನ ಕೂಡಿದರು. ಶನಿಯಾರ ಸಿಟ್ಟಾಗಲಿಲ್ಲ, ಅದು ಇನ್ನೂ ಕಷ್ಟವಾಯಿತು. ಎತ್ತಿದ್ದು ಒಬ್ಬಳಲ್ಲ ಇಬ್ಬರು, ಆದ್ದರಿಂದ ಕಟ್ಟು ಇಬ್ಬರಿಗೂ ಎಂದ. ಗಂಗೆಯ ಚಪ್ಪರದ ಕೆಳಗೆ ಎರಡೂ ಬಾಯಿ ಮುಚ್ಚಿರಬೇಕು. ಊರಿನಲ್ಲಿ ಆ ಹಾಡನ್ನು ಪೂರ್ತಿ ಬಲ್ಲವರು ಬೇರೆ ಇಲ್ಲ. ಹಾಗಾಗಿ ಧಾರೆಗೆ ಗಂಡಿನ ಕಡೆಯವರೇ ತಮ್ಮ ಹಾಡು ಹಾಡಲಿ ಎಂದು ಕದ್ವಾಡಕ್ಕೆ ಹೇಳಿ ಕಳಿಸಿದ. ಹೆಣ್ಣಿನ ಕಡೆಯವರಿಗೆ ಅದಕ್ಕಿಂತ ದೊಡ್ಡ ಅವಮಾನ ಆ ಕಡೆ ಇಲ್ಲ.

ಸುದ್ದಿ ಕೇಳಿ ಪುಂಡಲೀಕ ಓಡಿಬಂದ. ತನಗೆ ಈ ಕಟ್ಟು ಗೊತ್ತಿರಲಿಲ್ಲ, ಆ ಹಾಡನ್ನು ಪುಸ್ತಕದಿಂದ ತೆಗೆದುಬಿಡುತ್ತೇನೆ, ಹೆಸರುಗಳನ್ನೂ ಅಳಿಸುತ್ತೇನೆ ಎಂದ. ಕಾಗದದಿಂದ ಅಳಿಸಿದರೆ ಬಾಯಿಂದ ಅಳಿದೀತೇ ಎಂದು ಗೌಡ ಕೇಳಿದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಳಿಸುವುದೇನೂ ಬೇಡ ಎಂದು ಕಮಲಿ ಅವಸರದಿಂದ ಹೇಳಿದಳು. ಅವಳ ಮಾತು ಮುಗಿಯುವ ಮೊದಲೇ ತಿಮ್ಮಿಯೂ ಬೇಡ ಎಂದಳು. ಇಬ್ಬರೂ ಹೇಳಿದ್ದು ಒಂದೇ, ಹೆದರಿದ್ದೂ ಒಂದಕ್ಕೇ.

ಗಂಗೆ ಅಂದೆಲ್ಲ ಅಕ್ಕಿ ಆರಿಸುತ್ತ ಕುಳಿತಿದ್ದಳು. ಸಂಜೆ ಒಮ್ಮೆ ತಲೆಯೆತ್ತಿದಳು.

"ಅವ್ವಾ, ನಂಗೆ ಧಾರೆಗೆ ನಿನ್ನ ಸೊಲ್ಲು ಬೇಕಾಗಿತ್ತು," ಎಂದಳು.

ಆ ಮಾತು ಚುಚ್ಚಿದಷ್ಟು ಗೌಡನ ಕಟ್ಟು ಚುಚ್ಚಿರಲಿಲ್ಲ. ತಿಮ್ಮಿ ಹಿತ್ತಿಲಿಗೆ ಹೋಗಿ ಬಸಳೆ ಚಪ್ಪರದ ಮರೆಯಲ್ಲಿ ಅತ್ತಳು. ಅದು ಕಮಲಿಯ ಚಪ್ಪರ. ಅಳುವಾಗಲೂ ಅದು ತನ್ನದಕ್ಕಿಂತ ದಟ್ಟವಾಗಿದೆ ಎಂಬುದು ಅವಳ ಕಣ್ಣಿಗೆ ಬಿತ್ತು.

ವೈಶಾಖದಲ್ಲಿ ಮದುವೆ ನಡೆಯಿತು. ಕದ್ವಾಡದ ಹೆಂಗಸರು ಚಪ್ಪರದ ನಡುವೆ, ಮನೆಯವರಂತೆ ಕಾಲು ಚಾಚಿ ಕುಳಿತರು. ಹೆಣ್ಣಿನ ಕಡೆ ಹಾಡಿಲ್ಲವಂತೆ ಎಂದು ಅವರೊಳಗೆ ಒಬ್ಬಳು ಬೇಕೆಂದೇ ಗಟ್ಟಿಯಾಗಿ ಅಂದಳು. ಧಾರೆಯ ಹೊತ್ತು ಬಂತು. ಹುಲಿಯಾ, ತಿಮ್ಮಿ ಇಬ್ಬರೂ ತಂಬಿಗೆ ಹಿಡಿದು ನಿಂತರು. ತಂಬಿಗೆಗೆ ನೀರು ತುಂಬಿಸಿಕೊಡುವುದು ದೊಡ್ಡವ್ವನ ಕೆಲಸ, ಹಾಗಾಗಿ ಕಮಲಿ ಕೊಡ ಹಿಡಿದು ತಿಮ್ಮಿಯ ಎದುರಿಗೆ ನಿಂತಳು. ನಡುವೆ ಗಂಗೆಯ ಕೈ, ಅದರ ಕೆಳಗೆ ಮಾಬ್ಲೇಶ್ವರನ ಕೈ.

ನೀರು ಬಿತ್ತು. ಕದ್ವಾಡದವರು ಎತ್ತಿದರು, ಕದ್ವಾಡದವರೇ ಹಿಡಿದರು. ಕಾಳಿ ಹೊಳೆಯ ಹಾಡು, ದೋಣಿಯ ಹಾಡು, ಒಳ್ಳೆಯದೇ ಇರಬಹುದು. ತಿಮ್ಮಿಯ ಕಿವಿಗೆ ಅದು ಹೋಗಲಿಲ್ಲ. ಗಂಗೆ ತಲೆ ತಗ್ಗಿಸಿ ನಿಂತಿದ್ದಳು, ನೀರು ಬೀಳುತ್ತಲೇ ಇತ್ತು. ಬೇಕೆಂದು ಮಾಡಿದ್ದೋ ತಿಳಿಯದೆ ಆದದ್ದೋ, ತಿಮ್ಮಿಯ ತುಟಿ ಅಲುಗಿತು. ಸ್ವರವಿಲ್ಲ, ಉಸಿರೂ ಇಲ್ಲ, ಬರೀ ತುಟಿ. ಬೊಬ್ರುವಾಡದ ಧಾರೆಯ ಮೊದಲ ಸೊಲ್ಲು.

ಕಮಲಿ ನೋಡಿದಳು. ಕೊಡವನ್ನು ಸೊಂಟಕ್ಕೆ ಸರಿಯಾಗಿ ಒತ್ತಿಕೊಂಡಳು. ತಿಮ್ಮಿಯ ತುಟಿ ನಿಂತ ಮೇಲೆ ಅವಳ ತುಟಿ ಅಲುಗಿತು.

ತಿಮ್ಮಿ ಎರಡನೆಯದನ್ನು ಎತ್ತಿದಳು. ಕಮಲಿ ಹಿಡಿದಳು. ತಂಬಿಗೆ ಬರಿದಾದಾಗ ಕಮಲಿ ತುಂಬಿಸಿದಳು, ಹಾಡು ಕಡಿಯಲಿಲ್ಲ. ಆ ಕೆಟ್ಟ ಜಾಗ ಬಂದಾಗ ತಿಮ್ಮಿಯ ತುಟಿ ತಡೆಯಿತು. ಅದೇ ಎರಡು ನುಡಿ, ಇಂದೂ ಬರಲೊಲ್ಲದು. ಕಮಲಿ ಎತ್ತಿಬಿಡಬಹುದಿತ್ತು, ಎತ್ತುವುದೇ ಅವಳ ಹುಟ್ಟುಗುಣ. ಅವಳು ಆ ನುಡಿಯ ಮೊದಲ ಒಂದು ಮಾತನ್ನಷ್ಟೇ ತುಟಿಯಲ್ಲಿ ತೋರಿಸಿ, ಅಲ್ಲೇ ನಿಲ್ಲಿಸಿ ಕಾದಳು. ತಿಮ್ಮಿ ಎತ್ತಿದಳು. ಕಮಲಿ ಹಿಡಿದಳು.

ಶನಿಯಾರ ಗೌಡ ಎದುರಿಗೇ ಕುಳಿತಿದ್ದ. ಅವನಿಗೆ ಆ ತುಟಿಗಳು ಕಾಣದೆ ಇರಲಿಲ್ಲ. ಅವನು ಎಲೆಗೆ ಸುಣ್ಣ ಕಡಿಮೆಯಾಯಿತು ಎಂದು ಚಂಚಿಯೊಳಗೆ ಬಹಳ ಹೊತ್ತು ಹುಡುಕಿದ.

ಧಾರೆ ಮುಗಿದು ಜನ ಕದ್ವಾಡದವರ ಹಾಡನ್ನು ಹೊಗಳುತ್ತ ಊಟದ ಎಲೆಗಳ ಕಡೆ ನಡೆದರು. ಇಷ್ಟು ಜನರಲ್ಲಿ ಒಬ್ಬರಿಗಾದರೂ ತನ್ನ ಹಾಡು ಕೇಳಲಿಲ್ಲವಲ್ಲ ಎಂದು ತಿಮ್ಮಿಯ ಹೊಟ್ಟೆ ಉರಿಯಿತು. ಕಮಲಿ ಖಾಲಿ ಕೊಡ ಎತ್ತಿಕೊಂಡು ಅವಳ ಪಕ್ಕಕ್ಕೆ ಬಂದಳು.

"ಮೊದಲ ಸೊಲ್ಲು ಎತ್ತರ ಹೋತು ನೋಡು," ಎಂದಳು. "ಕಡಿಗೆ ಇಳಿಸೂದು ನಿಂಗೆ ಕಷ್ಟ ಆತು."

ತಿಮ್ಮಿ ತಿರುಗಿ ನಿಂತಳು.

"ನೀ ತಡಾ ಮಾಡಿ ಹಿಡ್ದೆ," ಎಂದಳು. "ಅದ್ಕೆ."

ಕಮಲಿ ಅಲ್ಲ ಎನ್ನಲಿಲ್ಲ. ಇಬ್ಬರೂ ಬಡಿಸಲು ಹೋದರು.